ಕೊನೆಯ ಸಲ ಎದ್ದ ಕಾರಣ

ಭಾವ ಸತ್ತದ್ದು ಒಂದು ಗೋದಾಮಿನ ಸರಕು ಲಿಫ್ಟಿನ ಕೆಳಗೆ. ಲಿಫ್ಟ್ ಬಂದು ನಿಲ್ಲುವ ಜಾಗದ ಅಡಿಯಲ್ಲಿ ಸೊಂಟದಾಳದ ಗುಂಡಿ ಇರುತ್ತದೆ. ರಿಪೇರಿಯವರು ಅದರೊಳಗೆ ಇಳಿದು ಕೆಲಸ ಮಾಡುವಾಗ ಲಿಫ್ಟನ್ನು ತಡೆದು ನಿಲ್ಲಿಸಲೆಂದು ಅಲ್ಲೇ ಗೋಡೆಗೆ ಒಂದು ಸ್ವಿಚ್ ಹಾಕಿರುತ್ತಾರೆ. ಆ ಸ್ವಿಚ್ಚೇ ಕೆಟ್ಟಿತ್ತು. ಭಾವ ಇಳಿದದ್ದು ಅದನ್ನು ಬದಲಾಯಿಸುವುದಕ್ಕೇ. ಅವರ ಒಂದು ಕೈಯಲ್ಲಿ ಲಿಫ್ಟನ್ನು ಓಡಿಸುವ, ವೈರು ಜೋಡಿಸಿದ ಚಿಕ್ಕ ಪೆಟ್ಟಿಗೆ ಇತ್ತು; ಅದರಲ್ಲಿ ಮೇಲೆ, ಕೆಳಗೆ, ರೀಸೆಟ್ ಎಂದು ಮೂರು ಬಟನ್. ಇನ್ನೊಂದು ಕೈಯಲ್ಲಿ ಫೋನು. ಫೋನಿನ ಆ ತುದಿಯಲ್ಲಿ ನನ್ನ ಅಕ್ಕ.

ಲಿಫ್ಟನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ರೀಸೆಟ್ ಆಯಿತು, ಅಂದರೆ ಒಮ್ಮೆ ಆರಿ ಹೊಸದಾಗಿ ಎದ್ದಿತು. ಹಾಗೆ ಎದ್ದ ಬೋರ್ಡಿಗೆ ಲಿಫ್ಟು ಎಷ್ಟನೇ ಮಹಡಿಯಲ್ಲಿದೆ ಎನ್ನುವುದೇ ಗೊತ್ತಿರುವುದಿಲ್ಲ. ಅದಕ್ಕೇ ಅದು ಮೊದಲು ಲಿಫ್ಟನ್ನು ನಿಧಾನವಾಗಿ ತಳದವರೆಗೆ ಇಳಿಸಿ, ಅಲ್ಲಿಂದ ಹೊಸದಾಗಿ ಲೆಕ್ಕ ಹಿಡಿಯುತ್ತದೆ. ಆವತ್ತೂ ಇಳಿಸಿತು.

ಅಕ್ಕ ಕೇಳಿದ್ದು ಊಟಕ್ಕೆ ಬರ್ತೀರಾ ಎಂಬ ಒಂದು ಮಾತು. ದಿನಾ ಕೇಳುತ್ತಿದ್ದ ಮಾತು.

ಭಾವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ರಿಪೇರಿ ಕಂಪನಿಯವರು ಕೈ ತೊಳೆದುಕೊಂಡರು. ಫೋನಿನಲ್ಲಿ ಮಾತಾಡುತ್ತಾ ಮೈಮರೆತು ತಾನೇ ರೀಸೆಟ್ ಒತ್ತಿದ್ದಾನೆ ಎಂದರು. ನೋಡಿದವರು ಯಾರೂ ಇರಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು, ಕಣ್ಣಾರೆ ಕಂಡವರ ಹಾಗೆ. ಅಕ್ಕ ಆ ಮಾತನ್ನು ಕೇಳಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ತನ್ನ ಫೋನನ್ನು ಆರಿಸಿ, ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಖಾಲಿ ಡಬ್ಬಿಗಳ ಹಿಂದೆ ಇಟ್ಟಳು. ಅವಳು ಬಾಯಿಬಿಟ್ಟು ಹೇಳದಿದ್ದರೂ ನನಗೆ ಗೊತ್ತಾಯಿತು. ಭಾವನ ಬೆರಳು ಆ ಬಟನ್ನಿನ ಮೇಲೆ ಬಿದ್ದದ್ದು ತನ್ನ ಕರೆಯಿಂದ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಆ ಬೋರ್ಡು ನಮ್ಮ ಕಂಪನಿಯದು. ಅದರ ಚಿಪ್ಪಿನ ರೀಸೆಟ್ ಡ್ರೈವರ್ ಬರೆದವನು ನಾನು.

ನನ್ನ ಕೆಲಸವನ್ನು ನೆಂಟರಿಷ್ಟರಿಗೆ ವಿವರಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಗಿದೆ. ಹಳ್ಳಿ ಶಾಲೆಯಲ್ಲಿ ಕಲಿತು ಬಂದವನು, ನಯವಾಗಿ ಹೇಳಲು ಬರುವುದಿಲ್ಲ, ಎರಡು ಸಲ ಕೇಳಿದರೆ ರೇಗಿಬಿಡುತ್ತೇನೆ. ಭಾವನಿಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಗಿತ್ತು. ಚಿಪ್ಪು ಎಂದರೆ ಒಂದು ದೊಡ್ಡ ಸಂಸಾರ. ಮೋಟಾರು ನೋಡುವವನು ಒಬ್ಬ, ಬಾಗಿಲು ನೋಡುವವನು ಒಬ್ಬ, ಮಹಡಿ ಎಣಿಸುವವನು ಇನ್ನೊಬ್ಬ. ಕರೆಂಟ್ ಬಂದಾಗ ಎಲ್ಲರೂ ಒಟ್ಟಿಗೆ ಎದ್ದರೆ ಗಲಾಟೆ. ಎಲ್ಲರನ್ನೂ ಹಿಡಿದಿಟ್ಟು, ಯಾರನ್ನು ಮೊದಲು ಬಿಡಬೇಕು, ಅವನು ಕಣ್ಣು ಬಿಟ್ಟನೋ ಇಲ್ಲವೋ ನೋಡಿ ಮುಂದಿನವನನ್ನು ಯಾವಾಗ ಬಿಡಬೇಕು ಎನ್ನುವುದನ್ನು ನೋಡಿಕೊಳ್ಳುವ ಪ್ರೋಗ್ರಾಮು ರೀಸೆಟ್ ಡ್ರೈವರ್. ಭಾವ ಕೇಳಿಸಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದರು. "ಅಂದ್ರೆ ನೀನು ಎಬ್ಬಿಸೋ ಕೆಲಸದವನು ಅನ್ನು. ನಿನ್ನನ್ನ ಎಬ್ಬಿಸೋಕೆ ಮಾತ್ರ ನಿಮ್ಮಕ್ಕ ಚೊಂಬು ತಗೊಂಡು ಬಂದು ನೀರು ಎರಚಬೇಕಿತ್ತು."

ಎಬ್ಬಿಸುವುದರ ಜೊತೆಗೆ ನನ್ನ ಡ್ರೈವರ್ ಇನ್ನೊಂದು ಕೆಲಸ ಮಾಡುತ್ತದೆ. ಚಿಪ್ಪು ಯಾಕೆ ಎದ್ದಿತು ಎನ್ನುವುದನ್ನು ಬರೆದಿಡುತ್ತದೆ. ಹೋದ ಕರೆಂಟ್ ಬಂದು ಎದ್ದರೆ ಒಂದು ಗುರುತು. ಯಾರಾದರೂ ರೀಸೆಟ್ ಒತ್ತಿ ಎದ್ದರೆ ಇನ್ನೊಂದು. ಮೂರನೆಯದು ವಾಚ್‌ಡಾಗ್. ಚಿಪ್ಪಿನೊಳಗೆ ಕಾವಲು ನಾಯಿಯಂಥ ಒಂದು ಗಡಿಯಾರ ಇರುತ್ತದೆ. ಪ್ರೋಗ್ರಾಮು ಎಲ್ಲಾದರೂ ಸಿಕ್ಕಿಕೊಂಡು ಉಸಿರೆತ್ತದೆ ಕೂತರೆ ಅದು ಇಡೀ ಚಿಪ್ಪನ್ನು ತಾನೇ ರೀಸೆಟ್ ಮಾಡುತ್ತದೆ. ಈ ಗುರುತು ಕರೆಂಟ್ ಹೋದರೂ ಉಳಿಯುತ್ತದೆ, ಬಟನ್ ಗಾತ್ರದ ಒಂದು ಬ್ಯಾಟರಿ ಅದನ್ನು ಕಾಯುತ್ತದೆ. ಆದರೆ ಅದಕ್ಕೆ ಇರುವುದು ಒಂದೇ ಜಾಗ. ಉಳಿದ ಜಾಗವನ್ನೆಲ್ಲ ಬಾಗಿಲು ಎಷ್ಟು ಸಲ ತೆರೆಯಿತು ಎಂದು ಎಣಿಸುವುದಕ್ಕೆ ಕೊಟ್ಟಿದ್ದರು. ಹಾಗಾಗಿ ಪ್ರತಿ ಸಲ ಎದ್ದಾಗಲೂ ಡ್ರೈವರ್ ಹಳೆಯ ಕಾರಣವನ್ನು ಅಳಿಸಿ ಹೊಸದನ್ನು ಬರೆಯುತ್ತದೆ.

ಭಾವನನ್ನು ಹೊರಗೆ ತೆಗೆಯಲು ಬಂದವರು ಮೊದಲು ಮಾಡಿದ ಕೆಲಸ ಗೋದಾಮಿನ ಕರೆಂಟ್ ತೆಗೆದದ್ದು. ಆಮೇಲೆ ಯಾರೂ ಹಾಕಲಿಲ್ಲ. ಅಂದರೆ ಲಿಫ್ಟು ಕೆಳಗಿಳಿಯುವ ಮುಂಚೆ ಬೋರ್ಡು ಯಾಕೆ ಎದ್ದಿತು ಎನ್ನುವುದು ಆ ಒಂದು ಜಾಗದಲ್ಲಿ ಹಾಗೇ ಕೂತಿತ್ತು. ಬೋರ್ಡನ್ನು ತಂದು, ಚಿಪ್ಪು ಏಳದ ಹಾಗೆ ರೀಸೆಟ್ಟಿನಲ್ಲೇ ಹಿಡಿದಿಟ್ಟು, ಪಕ್ಕದಿಂದ ವೈರು ಹಾಕಿ ಓದಿದರೆ ಮುಗಿಯಿತು. ಎಬ್ಬಿಸಿದ್ದು ಭಾವನ ಕೈಯೋ, ವಾಚ್‌ಡಾಗೋ ಗೊತ್ತಾಗುತ್ತಿತ್ತು.

ನಾನು ಅಕ್ಕನ ಮನೆಗೆ ಹೋಗಿ ಇದನ್ನು ಹೇಳಿದೆ. ಅವಳು ಭಾವನ ಅಂಗಿಗಳನ್ನು ಮಡಚುತ್ತಿದ್ದಳು. ಯಾರಿಗೂ ಕೊಡಲು ಮನಸ್ಸಿಲ್ಲದೆ ಬಿಚ್ಚುವುದು, ಮಡಚುವುದು, ಅದೇ ಕೆಲಸ. ನಾನು ಹೇಳಿದ್ದನ್ನು ಕೇಳಿ ಮೊದಲ ಸಲ ತಲೆಯೆತ್ತಿದಳು.

"ಅದರಲ್ಲಿ ನಿಜ ಇರುತ್ತಾ?"

"ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ ಅಕ್ಕ."

"ಏನೇ ಇದ್ರೂ ನಂಗೆ ಹೇಳು," ಎಂದಳು. "ನಾನೇ ಅಂತಿದ್ರೂ ಹೇಳು."

ಬೋರ್ಡು ಗೋದಾಮಿನಿಂದ ನಮ್ಮ ಕಂಪನಿಗೆ ಮುಂದಿನ ವಾರ ಬರುತ್ತದೆ ಎಂದು ನಮ್ಮ ಮ್ಯಾನೇಜರ್ ಹೇಳಿದ್ದರು. ಅದಕ್ಕೇ ನಾನು ಎರಡು ದಿನ ಅಕ್ಕನ ಮನೆಯಲ್ಲೇ ಉಳಿದೆ. ಅಷ್ಟರಲ್ಲಿ ಅದು ಬಂದುಬಿಟ್ಟಿತ್ತು.

ನಮ್ಮ ಕಂಪನಿಯ ರಿಪೇರಿ ಬೆಂಚಿನಲ್ಲಿ ಕೆಟ್ಟ ಬೋರ್ಡುಗಳನ್ನು ನೋಡಿಕೊಳ್ಳುವವನನ್ನು ಎಲ್ಲರೂ ಬೆಸುಗೆ ಎಂದೇ ಕರೆಯುತ್ತಾರೆ. ಒಳ್ಳೆಯವನು. ಎಲ್ಲರ ಮನೆಯ ಕೆಟ್ಟ ರೇಡಿಯೊ, ಇಸ್ತ್ರಿಪೆಟ್ಟಿಗೆ ತಂದು ಊಟದ ಬಿಡುವಿನಲ್ಲಿ ಸರಿಮಾಡಿ ಕೊಡುವವನು. ಹೊರಗಿನಿಂದ ವಾಪಸು ಬಂದ ಯಾವ ಬೋರ್ಡೇ ಆಗಲಿ, ಅವನು ಮೊದಲು ಕರೆಂಟ್ ಕೊಟ್ಟು ಹಸಿರು ದೀಪ ಹತ್ತುತ್ತದೋ ಎಂದು ನೋಡುತ್ತಾನೆ. ಹತ್ತಿದ್ದು ಒಂದು ಕಡೆ, ಹತ್ತದ್ದು ಇನ್ನೊಂದು ಕಡೆ. ಅದೇ ನಮ್ಮ ಪದ್ಧತಿ. ನಾನೂ ಹಾಗೇ ಮಾಡುತ್ತೇನೆ, ಈ ಕಸುಬಿನ ಯಾರೇ ಆದರೂ ಹಾಗೇ ಮಾಡುತ್ತಾರೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಲವು ಬೋರ್ಡುಗಳು ಬಂದಿದ್ದವು. ಅವನು ಎಲ್ಲಕ್ಕೂ ಕರೆಂಟ್ ಕೊಟ್ಟಿದ್ದ.

ನಾನು ಬಾಗಿಲು ತಳ್ಳಿ ಒಳಗೆ ಬಂದಾಗ ಭಾವನ ಲಿಫ್ಟಿನ ಬೋರ್ಡು ಮೇಜಿನ ಮೇಲೆ ಹಸಿರು ದೀಪ ಬೆಳಗಿಸಿಕೊಂಡು ಕೂತಿತ್ತು. ಮೂಲೆಯಲ್ಲಿ ಒಣಗಿದ ಗ್ರೀಸಿನ ಕಲೆ. ಬೆಸುಗೆ ನನ್ನನ್ನು ಕಂಡು ಎದ್ದು ನಿಂತ. ನಿಮ್ಮ ಭಾವನವರ ಬೋರ್ಡು ಬಂದಿದೆ, ಪುಣ್ಯಕ್ಕೆ ಜೀವ ಇದೆ ಎಂದ.

ನಾನು ಅವನ ಕೊರಳಪಟ್ಟಿ ಹಿಡಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನ ಓದು, ಅವನ ವಂಶ, ಅವನ ಕೈ, ಯಾವುದನ್ನೂ ಬಿಡಲಿಲ್ಲ. ಪಕ್ಕದ ಕೋಣೆಯವರು ಬಂದು ಬಿಡಿಸಿದರು. ಬೆಸುಗೆ ಅಂಗಿ ಸರಿಮಾಡಿಕೊಳ್ಳಲೂ ಇಲ್ಲ. ಏನಾಯಿತು ಎಂದು ಅವನಿಗೆ ನನ್ನ ಬೈಗುಳದ ನಡುವೆಯೇ ಅರ್ಥವಾಗಿತ್ತು. ಅವನೂ ಈ ಕೆಲಸದವನೇ ಅಲ್ಲವೇ?

"ಒಂದು ಮಾತು ಮೊದಲೇ ಹೇಳಿದ್ರೆ ನಾನು ಅದರ ಹತ್ರ ಹೋಗ್ತಿದ್ನಾ, ಅಣ್ಣಾ?" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಆದರೂ ವೈರು ಹಾಕಿ ಓದಿದೆ. ಕರೆಂಟ್ ಬಂದು ಎದ್ದದ್ದು ಎಂದಿತ್ತು. ನಿಜವೇ. ಬೆಸುಗೆ ಕೊಟ್ಟ ಕರೆಂಟ್. ಹಳೆಯದನ್ನು ಅಳಿಸಿ ಹೊಸದನ್ನು ಬರೆದಿತ್ತು, ನಾನು ಹೇಳಿಕೊಟ್ಟ ಹಾಗೇ, ಒಂದು ಚೂರೂ ತಪ್ಪದೆ. ಬುದ್ಧಿ ಕೆಟ್ಟವನ ಹಾಗೆ ಮತ್ತೆ ಮತ್ತೆ ಓದಿದೆ. ಓದಿದಷ್ಟು ಸಲವೂ ಅದನ್ನೇ ಹೇಳಿತು.

ಮ್ಯಾನೇಜರ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಕಾರಣ ತಿಳಿದುಬಂದಿಲ್ಲ ಎಂದು ಬರೆದು ಕಳಿಸೋಣ, ಇದರಿಂದ ಯಾರಿಗೂ ತೊಂದರೆ ಇಲ್ಲ ಎಂದರು. ಯಾರಿಗೂ ಎಂದರೆ ಯಾರಿಗೆ ಎಂದು ಕೇಳಿದೆ. ಅವರು ಕೈ ತೆಗೆದರು.

ಅಂಥದೇ ಇನ್ನೊಂದು ಬೋರ್ಡಿಗೆ ಅದೇ ಪ್ರೋಗ್ರಾಮು ಹಾಕಿ ಓಡಿಸಿದೆ. ಹಗಲೆಲ್ಲ ಅದರ ಮುಂದೆ ಕೂತೆ. ಬೆಸುಗೆ ಹೇಳದೆ ಕೇಳದೆ ಬಂದು ಜೊತೆಗೆ ಕೂರುತ್ತಿದ್ದ. ನಿಜವಾದ ಲಿಫ್ಟೇ ಇದೆ ಎಂದು ಬೋರ್ಡನ್ನು ನಂಬಿಸಲು ಸ್ವಿಚ್ಚುಗಳನ್ನು ಒತ್ತುತ್ತಿದ್ದ. ಒಂದೇ ಒಂದು ಸಲ ಪ್ರೋಗ್ರಾಮು ಸಿಕ್ಕಿಕೊಂಡಿತು, ವಾಚ್‌ಡಾಗ್ ಎಬ್ಬಿಸಿತು. ಆಮೇಲೆ ಎಷ್ಟು ಜಗ್ಗಾಡಿದರೂ ಆಗಲಿಲ್ಲ. ಅಂದರೆ ಭಾವನ ಲಿಫ್ಟಿನಲ್ಲೂ ಹಾಗೆ ಆಗಿರಬಹುದು. ಆಗದೆಯೂ ಇರಬಹುದು. ಇಷ್ಟೇ ನನ್ನ ಕೈಗೆ ಸಿಕ್ಕಿದ್ದು.

ಅಕ್ಕನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೆ. ಹೇಳಿಬಿಡುವುದು, ಅವಳ ಎದೆಯ ಮೇಲಿನ ಕಲ್ಲು ಇಳಿಸಿಬಿಡುವುದು. ಪರೀಕ್ಷೆ ಮಾಡಿ ನೋಡುವವರು ಯಾರಿದ್ದಾರೆ?

ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ನಾನು ಅವಳ ಎದುರಿಗೆ ಕೂತೆ.

"ವಾಚ್‌ಡಾಗ್ ಅಕ್ಕಾ. ಮೆಷಿನ್ನು ತಾನಾಗೇ ಎದ್ದಿದ್ದು. ಭಾವ ಏನೂ ಒತ್ತಿಲ್ಲ. ನಿನ್ನ ಫೋನಿಗೂ ಅದಕ್ಕೂ ಸಂಬಂಧಾನೇ ಇಲ್ಲ."

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಚಿಕ್ಕವನಿದ್ದಾಗ ಶಾಲೆಗೆ ಚಕ್ಕರ್ ಹೊಡೆದು ಬಂದರೆ ನೋಡುತ್ತಿದ್ದ ಅದೇ ನೋಟ.

"ಹುಟ್ಟಿದಾಗಿಂದ ನೀನು ನನ್ನ ಹತ್ರ ಇಷ್ಟು ಮೆತ್ತಗೆ ಮಾತಾಡಿದ್ದು ಯಾವತ್ತೋ?" ಎಂದಳು.

ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು.

"ನಿನ್ನ ಬಾಯಲ್ಲಿ ನಿಜ ಯಾವಾಗ್ಲೂ ಬೈಗುಳದ ಜೊತೆಗೇ ಬರೋದು. ಬೈದು ಹೇಳು."

ಅಷ್ಟೇ ಸಾಕಾಯಿತು. ನನ್ನ ಸಿಟ್ಟು ನೆತ್ತಿಗೇರಿತು. ಗೊತ್ತಿಲ್ಲ ಎಂದು ಕೂಗಿದೆ. ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ, ಇದ್ದ ಒಂದು ಗುರುತೂ ಅಳಿಸಿಹೋಯಿತು, ಅಳಿಸಿದ್ದು ನಾನು ಬರೆದ ಡ್ರೈವರ್ರೇ, ಇನ್ನೇನು ಬೇಕು ನಿನಗೆ ಎಂದೆ. ಆಮೇಲೆ ಅಳು ಬಂತು. ನನಗೆ. ಅವಳಿಗಲ್ಲ.

ಅಕ್ಕ ಎದ್ದು ನೀರು ತಂದು ಕೊಟ್ಟಳು.

"ಅದು ತಪ್ಪು ಮಾಡ್ತಾ, ನಿನ್ನ ಪ್ರೋಗ್ರಾಮು?"

"ಇಲ್ಲ. ಅದರ ಕೆಲಸಾನೇ ಅದು. ದಿನಾ ಮಾಡೋದೇ ಅದು."

"ನಾನೂ ದಿನಾ ಮಾಡೋ ಫೋನೇ ಕಣೋ ಅದು," ಎಂದಳು ಅಕ್ಕ. ಆಗ ಅಳಲು ಶುರು ಮಾಡಿದಳು. ಲೋಟ ಹಿಡಿದುಕೊಂಡು ನಾನು ಅಲ್ಲೇ ಕೂತಿದ್ದೆ.

ಈಗ ನಮ್ಮ ಬೋರ್ಡುಗಳಲ್ಲಿ ಕಾರಣ ಬರೆದಿಡಲು ಬೇಕಾದಷ್ಟು ಜಾಗ ಇದೆ. ಜಗಳವಾಡಿ, ರಾಜೀನಾಮೆ ಕೊಡುತ್ತೇನೆಂದು ಹೆದರಿಸಿ ತೆಗೆದುಕೊಂಡೆ. ಬಾಗಿಲಿನ ಲೆಕ್ಕವನ್ನು ಬೇರೆ ಕಡೆ ಸಾಗಹಾಕಿದರು. ಅಷ್ಟು ಸುಲಭದ ಕೆಲಸವಾಗಿತ್ತು ಅದು.

ಅಕ್ಕ ಹಲಗೆಯ ಮೇಲಿನ ಫೋನು ಕೆಳಗಿಳಿಸಿದ್ದಾಳೆ. ತಾನಾಗಿ ಯಾರಿಗೂ ಮಾಡುವುದಿಲ್ಲ. ನಾನು ಮಾಡಿದರೆ ಎತ್ತುತ್ತಾಳೆ. ಎತ್ತಿದವಳು ಹೇಗಿದ್ದೀಯಾ ಎನ್ನುವುದಿಲ್ಲ, ಊಟ ಆಯಿತಾ ಎನ್ನುವುದಂತೂ ಇಲ್ಲವೇ ಇಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತಾಳೆ.

"ಕೈಯಲ್ಲಿ ಏನಾದ್ರೂ ಇದೆಯಾ?"

ಏನೂ ಇಲ್ಲ ಅಕ್ಕ ಎನ್ನುತ್ತೇನೆ. ಅವಳಿಗೆ ಫೋನ್ ಮಾಡುವ ಮುಂಚೆ ಎಲ್ಲವನ್ನೂ ಕೆಳಗಿಡುತ್ತೇನೆ, ಚಹಾದ ಲೋಟವನ್ನು ಕೂಡ.