ಪ್ರಿಂಟರಿನ ಬಾಗಿಲಿಗೆ ಹೋದ ಎಕ್ಸ್-ರೇ

"ನೆನಪಿಟ್ಕೊಳ್ಳೋಕೆ ಸುಲಭ ಅಲ್ವೇನಮ್ಮ?" ಎಂದಿದ್ದ ಆಸ್ಪತ್ರೆಯ ಎಕ್ಸ್-ರೇ ವಿಭಾಗದ ಮುಖ್ಯಸ್ಥ, ತನ್ನ ಒಳ ಸರ್ವರುಗಳಿಗೆಲ್ಲ 192.168.1ರಿಂದ ಶುರುವಾಗುವ ವಿಳಾಸ ಕೊಡಿಸುವಾಗ. ಅದು ಮುಕ್ಕಾಲು ಮನೆಗಳ ರೂಟರಿನಲ್ಲೂ ಇರುವ ವಿಳಾಸಗಳ ಸಾಲು, ಮನೆಯಿಂದ ಕೆಲಸ ಮಾಡುವವರಿಗೆ ಎರಡೂ ಡಿಕ್ಕಿಯಾಗುತ್ತವೆ, 10.47ರಂಥ ಅಪರೂಪದ್ದನ್ನು ಆರಿಸೋಣ ಎಂದು ನೆಟ್‌ವರ್ಕ್ ನೋಡಿಕೊಳ್ಳುವ ಅವಳು ಬಡಕೊಂಡಿದ್ದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಈಗ ಅವಳ ಅಕ್ಕನ ಕೆಲಸಕ್ಕೇ ಕುತ್ತು. ಅಕ್ಕ ಅದೇ ಆಸ್ಪತ್ರೆಯ ಡಾಕ್ಟರು. ಬಾಣಂತಿಯಾದ್ದರಿಂದ ಮನೆಯಿಂದಲೇ ಎಕ್ಸ್-ರೇ ನೋಡಿ ವರದಿ ಬರೆಯಬೇಕಿತ್ತು. ಚಿತ್ರಗಳು ತೆರೆಯುತ್ತಲೇ ಇರಲಿಲ್ಲ. "ಬರೀ ನೆಪ. ಸೋಮವಾರದಿಂದ ಇಲ್ಲಿಗೇ ಬರ್ಲಿ, ಇಲ್ಲಾ ಕೆಲಸ ಬಿಡ್ಲಿ," ಎಂದ ಮುಖ್ಯಸ್ಥ ಎಚ್ಚರಿಕೆ ಪತ್ರವನ್ನೂ ಕಳಿಸಿದ.

ಅಕ್ಕನ ಮನೆಯ ಹಜಾರದಲ್ಲಿ, ಒಣಗಲು ಹರವಿದ ಮಗುವಿನ ಬಟ್ಟೆಗಳ ನಡುವೆ ತಂಗಿ ಕುಳಿತು ನೋಡಿದರೆ ತಾನು ಹೇಳಿದ್ದೇ ಆಗಿತ್ತು. ಎಕ್ಸ್-ರೇ ಸರ್ವರಿಗೂ ಮನೆಯ ಪ್ರಿಂಟರಿಗೂ ಒಂದೇ ವಿಳಾಸ. ಅಕ್ಕ ಚಿತ್ರ ಕೇಳಿದಾಗಲೆಲ್ಲ ಕೋರಿಕೆ ಹೊಸ್ತಿಲು ದಾಟದೆ ಪ್ರಿಂಟರಿನ ಮುಂದೆ ಹೋಗಿ ನಿಲ್ಲುತ್ತಿತ್ತು.

"ಅಂದ್ರೆ ಯಾರದೋ ಮುರಿದ ಸೊಂಟಾನ ನಾನು ಪ್ರಿಂಟರ್ ಹತ್ರ ಕೇಳ್ತಿದ್ನಾ?"

"ಅದಕ್ಕಾದ್ರೂ ಮರ್ಯಾದೆ ಇದೆ ಅಕ್ಕ. ಗೊತ್ತಿಲ್ದೇ ಇದ್ರೆ ಸುಮ್ನಿರತ್ತೆ."

ಬೈದುಕೊಂಡೇ ಅವಳು ಮನೆಯ ರೂಟರಿನ ಸಾಲು ಬದಲಿಸಿದಳು. ಆಸ್ಪತ್ರೆಯ ಸರ್ವರಿಗೆ ಹೋಗುವುದೆಲ್ಲ ಆಸ್ಪತ್ರೆಗೆ ಜೋಡಿಸಿದ ಖಾಸಗಿ ಸಂಪರ್ಕದ ದಾರಿಯನ್ನೇ ಹಿಡಿಯಲಿ ಎಂದು ಲ್ಯಾಪ್‌ಟಾಪಿನಲ್ಲಿ ಕಾಯಂ ಮಾರ್ಗ ಬರೆದಳು. ಪರದೆಯ ತುಂಬ ಬಿಳಿ ಮೂಳೆಗಳು. ಮಗುವಿನ ಬೆನ್ನು ತಟ್ಟುತ್ತಲೇ ಅಕ್ಕ ಮೊದಲ ವರದಿ ಬರೆದಳು.

ತಂಗಿ ಮುಖ್ಯಸ್ಥನಿಗೆ ಫೋನ್ ಮಾಡಿ, ನಡೆದದ್ದು ಹೇಳಿ, ಸ್ಪೀಕರಿಗೆ ಹಾಕಿದಳು.

"ನೋಡಿದ್ಯಾ? ತಪ್ಪು ಅವರ ಮನೇದೇ. ಪತ್ರ ಹಾಗೇ ಇರ್ಲಿ. ಉಳಿದ ಡಾಕ್ಟರ್‌ಗಳ ಮನೆಗೂ ನೀನೇ ಹೋಗಿ ಬದಲಾಯಿಸಿಬಿಡಮ್ಮ."

ಅವಳ ಮೈ ಕಾದ ಹಂಚಾಯಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಫೋನ್ ಕಸಿದುಕೊಂಡಳು.

"ಕುಣಿಯೋಕೆ ಬರದೋರಿಗೆ ನನ್ನ ಮನೆ ನೆಲ ಡೊಂಕಾ ಸರ್? ಸೋಮವಾರ ಬರ್ತೀನಿ. ಮಗೂನೂ ಬರತ್ತೆ. ನೀವು ಸರ್ವರ್ ವಿಳಾಸ ಬದಲಾಯಿಸೋವರೆಗೂ ನಿಮ್ಮ ಟೇಬಲ್ ಮೇಲೇ ಮಲಗತ್ತೆ."

ಅಕ್ಕ ಫೋನ್ ಕುಕ್ಕಿ, ಮಗುವನ್ನು ತಂಗಿಯ ತೊಡೆಗೆ ಹಾಕಿದಳು.

"ಇವತ್ತಿನ ಪೇಷಂಟ್‌ಗಳದ್ದು ಮುಗೀಲಿ. ಆಮೇಲೆ ನನ್ನ ರೂಟರ್ ಮೊದಲಿನ ಹಾಗೇ ಮಾಡು. ಬದಲಾಗಬೇಕಾದ್ದು ನನ್ನ ಮನೆ ಅಲ್ಲ."

ತಂಗಿ ಹಲ್ಲು ಕಚ್ಚಿ, ಮಗುವನ್ನು ತೂಗುತ್ತ ವರದಿಗಳು ಮುಗಿಯಲೆಂದು ಕಾದಳು.