ತೆಗಿ ಅಂದಿದ್ದಕ್ಕೆ

ಹೊಸ ಹಾರ್ಡ್ ಡಿಸ್ಕ್ ಸಿಕ್ಕಿಸಿ ದೊಡ್ಡಮ್ಮನ ಹಾಡುಗಳ ಪ್ರಾಜೆಕ್ಟ್ ಓಪನ್ ಮಾಡಿದ ಮಾಲಿನಿಗೆ ಮೈಯೆಲ್ಲ ಉರಿದುಹೋಯಿತು. ತತ್ವಪದಗಳ ಹೆಸರು ಸಾಲಾಗಿ ಬಂದವು. ತಾನು ಎಲ್ಲಿ ಕತ್ತರಿಸಿದ್ದಳು, ಎಲ್ಲಿ ಜೋಡಿಸಿದ್ದಳು ಅನ್ನುವ ಗುರುತುಗಳೂ ಬಂದವು. ದನಿ ಮಾತ್ರ ಇಲ್ಲ. ಆಡಿಯೋ ಫೈಲ್ ಸಿಗುತ್ತಿಲ್ಲ ಎಂದು ಕಂಪ್ಯೂಟರ್ ಹೇಳಿತು. ಸರಿ ಮಾರಾಯ ಅಂತ ಒತ್ತಿದರೆ ಮುಂದಿನ ಫೈಲೂ ಸಿಗುತ್ತಿಲ್ಲ ಎಂದಿತು. ಒಂದೊಂದು ಫೈಲಿಗೂ ಒಂದೊಂದು ಸಲ ಹೇಳಿಯೇ ಸುಮ್ಮನಾಯಿತು.

ಈ ಪ್ರಾಜೆಕ್ಟ್ ಫೈಲ್ ಅನ್ನುವುದು ಅಡುಗೆಭಟ್ಟರ ಕೈಯಲ್ಲಿರುವ ಚೀಟಿ ಅಷ್ಟೇ. ಅಕ್ಕಿ ಬೇಳೆ ಇರುವುದು ಇನ್ನೊಂದು ಫೋಲ್ಡರಿನಲ್ಲಿ. ಚೀಟಿ ಮಾತ್ರ ಜೋಪಾನವಾಗಿ ತಂದು ಉಗ್ರಾಣವನ್ನೇ ಬಿಟ್ಟು ಬಂದರೆ ಎಲೆಗೆ ಬಡಿಸುವುದೇನು?

ತಂದವನು ತಮ್ಮ ಗುರುಪ್ರಕಾಶ್. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ, ಎಲ್ಲವೂ ಅಚ್ಚುಕಟ್ಟಾಗಿರಬೇಕು ಅನ್ನುವ ಆಸಾಮಿ. ತುಮಕೂರಿನ ಟೈರ್ ಅಂಗಡಿಯ ಮೇಲಿನ ಅಕ್ಕನ ರೆಕಾರ್ಡಿಂಗ್ ರೂಮಿಗೆ ರಜೆ ದಿನ ಬಂದರೆ ವೈರುಗಳನ್ನೆಲ್ಲ ಸುತ್ತಿಟ್ಟು ಹೋಗುತ್ತಿದ್ದ. ಹಳೇ ಡಿಸ್ಕ್ ಕಿರಗುಟ್ಟುತ್ತಿದೆ, ಎಲ್ಲವನ್ನೂ ಹೊಸದಕ್ಕೆ ಸಾಗಿಸೋಣ ಎಂದವನೂ ಅವನೇ. ಅವತ್ತು ಮಾಲಿನಿ ಕುಣಿಗಲ್ಲಿನಲ್ಲಿ ಮಕ್ಕಳ ಹಾಡು ರೆಕಾರ್ಡ್ ಮಾಡಲು ಹೋಗಿದ್ದಳು. ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ನಿಂತು, ಮೊದಲು ಆಡಿಯೋ ಫೋಲ್ಡರ್ ತೆಗಿ, ಆಮೇಲೆ ಕಾಪಿ ಮಾಡು ಎಂದು ಫೋನಿನಲ್ಲಿ ಹೇಳಿದ್ದಳು.

ಅವನು ತೆಗೆದ. ಕಂಪ್ಯೂಟರ್, ಇದು ಶಾಶ್ವತವಾಗಿ ಹೋಗುತ್ತೆ, ಪರವಾಗಿಲ್ಲವಾ ಎಂದು ಕೇಳಿದೆ. ಅಕ್ಕನೇ ಹೇಳಿದಾಳಲ್ಲ ಎಂದು ಹ್ಞೂಂ ಅಂದಿದ್ದಾನೆ. ಉಳಿದದ್ದನ್ನು ಅಚ್ಚುಕಟ್ಟಾಗಿ ಕಾಪಿ ಮಾಡಿದ್ದಾನೆ.

"ಬಾಗಿಲು ತೆಗಿ ಅಂದ್ರೆ ಬಾಗಿಲು ಕಿತ್ತು ಬಿಸಾಕ್ತೀಯೇನೋ?" ಎಂದು ಮಾಲಿನಿ ಕೇಳಿದಳು.

"ಕಸ ತೆಗಿ ಅಂದ್ರೆ ಕಸದ ಬುಟ್ಟಿ ಓಪನ್ ಮಾಡ್ಕೊಂಡು ಕೂತ್ಕೋಬೇಕಾಗಿತ್ತಾ ಅಕ್ಕ?" ಎಂದ ಅವನು.

ಅವಳು ತಲೆ ಚಚ್ಚಿಕೊಂಡಳು. ಹಾಳಾದ್ದು, ಒಂದು ಮಾತಿಗೆ ಎಷ್ಟು ಅರ್ಥ ಇರಬೇಕು ಅನ್ನುವುದಕ್ಕೊಂದು ಮಿತಿ ಬೇಡವೇ? ದಿನಾ ಓಪನ್, ಡಿಲೀಟ್ ಅನ್ನುವವರೆಲ್ಲ ಅವತ್ತೊಂದು ದಿನ ಅಪ್ಪಟ ಕನ್ನಡಿಗರಾಗಿಬಿಟ್ಟಿದ್ದರು.

ಹಳೇ ಡಿಸ್ಕ್ ಹಾಗೇ ಇದ್ದಿದ್ದರೆ ಏನಾದರೂ ಮಾಡಬಹುದಿತ್ತು. ಜಾಗ ಖಾಲಿಯಾಯಿತಲ್ಲ ಎಂದು ಇವನು ಅದರ ತುಂಬ ಸ್ನೇಹಿತನ ಮದುವೆ ವಿಡಿಯೋ ತುಂಬಿದ್ದ. ರಿಪೇರಿಯವರು ವಾರಗಟ್ಟಲೆ ಇಟ್ಟುಕೊಂಡು ಕೆದಕಿ ಕೊಟ್ಟದ್ದನ್ನು ಮಾಲಿನಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ವಾಲಗ. ಅದರ ಮೇಲೆ ಯಾರೋ, ಆರತಿ ತಟ್ಟೆ ಎಲ್ಲಮ್ಮಾ ಎಂದು ಕೂಗುತ್ತಿದ್ದರು. ಅವಳಿಗೆ ಅಳು ಬಂತು.

ಯಾಕೆಂದರೆ ಗುಬ್ಬಿಯ ದೊಡ್ಡಮ್ಮ, ಸಿದ್ದಗಂಗಮ್ಮ, ಇನ್ನು ಹಾಡುವ ಹಾಗಿರಲಿಲ್ಲ. ರೆಕಾರ್ಡಿಂಗ್ ಮುಗಿದ ಕೆಲವೇ ತಿಂಗಳಿಗೆ ಗಂಟಲಿನ ಆಪರೇಷನ್ ಆಗಿ ಬರೀ ಪಿಸುದನಿ ಉಳಿದಿತ್ತು. ಆ ಪದಗಳು ಅವರ ತಾಯಿಯ ಬಾಯಿಂದ ಅವರ ಬಾಯಿಗೆ ಬಂದವು. ಮನೆಯಲ್ಲಿ ಬೇರೆ ಯಾರೂ ಕಲಿತಿರಲಿಲ್ಲ. ಪೂರ್ತಿ ಆಗುವವರೆಗೆ ಯಾರಿಗೂ ಕೊಡಬೇಡ ಎಂದು ದೊಡ್ಡಮ್ಮ ಹೇಳಿದ್ದರಿಂದ ಇನ್ನೊಂದು ಕಾಪಿಯೂ ಇರಲಿಲ್ಲ. ಮಾಲಿನಿ ಒಂದೊಂದು ಕೆಮ್ಮನ್ನೂ ಆರಿಸಿ ತೆಗೆಯುತ್ತ ವರ್ಷ ಕಳೆದಿದ್ದಳು. ಅವಳು ಕೆಮ್ಮು ತೆಗೆದಳು, ಡಾಕ್ಟರು ಗಂಟು ತೆಗೆದರು, ತಮ್ಮ ಎಲ್ಲವನ್ನೂ ತೆಗೆದ.

ಭಾನುವಾರ ಇಬ್ಬರೂ ಗುಬ್ಬಿಗೆ ಹೋದರು. ದೊಡ್ಡಮ್ಮ ಜಗಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಮಾಲಿನಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು, ತಮ್ಮನ ತಪ್ಪಿನ ಜೊತೆ ತನ್ನದನ್ನೂ. ದೊಡ್ಡಮ್ಮ ಅಂಗಳದ ಕಡೆ ತಿರುಗಿದರು. ಕಣ್ಣು ತುಂಬಿದ್ದವು. ಆಮೇಲೆ, ಅವನಿಗೆ ಏನಂತ ಹೇಳಿದ್ದೆ ಎಂದು ಪಿಸುಗುಟ್ಟಿದರು.

"ತೆಗಿ ಅಂದೆ."

ದೊಡ್ಡಮ್ಮನ ಭುಜ ಅಲುಗಿದವು. ಅಳುತ್ತಿದ್ದಾರೆ ಅಂದುಕೊಂಡರೆ ದನಿಯಿಲ್ಲದೆ ನಗುತ್ತಿದ್ದರು. ನಕ್ಕು ಮುಗಿದ ಮೇಲೆ, ಮೂರನೇ ಪದದ ಎರಡನೇ ನುಡಿ ಹೆಂಗಿತ್ತು ಎಂದು ಕೇಳಿದರು, ಪರೀಕ್ಷೆ ಮಾಡುವವರ ಹಾಗೆ.

ಮಾಲಿನಿಗೆ ರೇಗಿತು. ಹೆಂಗಿತ್ತು ಅಂದರೆ? ಅಲ್ಲಿ ಎಳೆದು ಉಸಿರು ತಗೋತೀರಿ, ಗುರುವಿನ ಹೆಸರು ಬಂದಾಗ ದನಿ ಚೂರು ಇಳಿಸ್ತೀರಿ, ನೂರು ಸಲ ಕೇಳಿದೀನಿ ನಾನು, ಮರೆಯೋಕೆ ಆಗುತ್ತಾ ಎಂದು ಸಿಟ್ಟಿನಲ್ಲೇ ಹೇಳಿದಳು.

ದೊಡ್ಡಮ್ಮ ತೊಡೆಯ ಮೇಲೆ ಕೈಯಿಟ್ಟು ತಾಳ ಹಾಕತೊಡಗಿದರು.

"ಹೋಗಿದ್ದು ಹೋಯ್ತು ಬುಡು. ನೀನು ದನಿ ತೆಗಿ."

ತಾನು ಹಾಡುವವಳಲ್ಲ, ಕತ್ತರಿಸಿ ಅಂಟಿಸುವವಳು ಎಂದು ಮಾಲಿನಿ ಎಷ್ಟು ಹೇಳಿದರೂ ತಾಳ ನಿಲ್ಲಲಿಲ್ಲ. ಪಕ್ಕದಲ್ಲಿ ಗುರುಪ್ರಕಾಶ್ ಮೊಬೈಲ್ ಹಿಡಿದು, ರೆಕಾರ್ಡಿಂಗ್ ಓಪನ್ ಮಾಡಲಾ ಅಕ್ಕ ಎಂದು ಅಳೆದು ತೂಗಿ ಕೇಳಿದ. ತೆಗಿ ಅನ್ನುವ ಮಾತು ಅವನ ಬಾಯಲ್ಲಿ ಇನ್ನು ಈ ಜನ್ಮಕ್ಕೆ ಬರುವಂತಿರಲಿಲ್ಲ.

ಮಾಲಿನಿ ಹಾಡಿದಳು. ದನಿ ಒರಟಾಗಿತ್ತು, ಶ್ರುತಿ ಅಲ್ಲಲ್ಲಿ ಜಾರಿತು. ಪದ ಮಾತ್ರ ಒಂದೂ ತಪ್ಪಲಿಲ್ಲ. ಎರಡನೇ ನುಡಿಯ ನಡುವೆ ಒಂದು ಕಡೆ ತಾನಾಗಿ ನಿಂತಳು, ಮತ್ತೆ ಮುಂದುವರಿದಳು. ದೊಡ್ಡಮ್ಮನ ಕೈ ತಾಳ ಬಿಟ್ಟು ಅವಳ ಮೊಣಕಾಲು ಹಿಡಿಯಿತು.

"ಅಲ್ಲಿ ನಿಲ್ಲಿಸ್ಬ್ಯಾಡ ಕಣೇ," ಎಂದರು ಪಿಸುದನಿಯಲ್ಲಿ. "ಅದು ಪದ ಅಲ್ಲ, ನನ್ನ ಕೆಮ್ಮು."