ಮಡುವಿನ ಮೇಲಿನ ಎಣ್ಣೆ

ಎಂಜಿನಿಯರು ಸೀಸೆಯನ್ನು ಬಿಸಿಲಿಗೆ ಹಿಡಿದು ಅಲುಗಿಸಿದ. ನೀರಿನ ಮೇಲೆ ತೆಳ್ಳಗೆ, ಬಣ್ಣ ಬಣ್ಣದ ಪೊರೆ. ಸಿರಾದ ಮಂಡಿ ಸಾಹುಕಾರ ಚನ್ನಮಲ್ಲಯ್ಯನವರು ಅದಕ್ಕೆ ಕೈ ಮುಗಿದರು. ಗೌಡಗೆರೆ ಕಡೆಯ ನೆಲದಡಿ ಸೀಮೆಎಣ್ಣೆ ಇದೆಯೆಂದು ಕಂಪನಿ ಕಟ್ಟಿ, ತುಮಕೂರಿನ ವಕೀಲರಿಗೂ ಮಧುಗಿರಿಯ ಪಿಂಚಣಿದಾರರಿಗೂ ಷೇರು ಮಾರಿದ್ದವರು ಅವರೇ. ಅಷ್ಟು ಜನ ಓದಿದವರು ಸೇರಿದ್ದ ಕಂಪನಿಯಲ್ಲಿ ಆ ಸೀಸೆಯನ್ನು ಮೂಗಿನ ಹತ್ತಿರ ಹಿಡಿಯುವ ಬುದ್ಧಿ ಒಬ್ಬನಿಗೂ ಬರಲಿಲ್ಲ.

ಸೀಸೆ ತುಂಬಿಸಿದ್ದು ಗೊಲ್ಲರ ಹಟ್ಟಿಯ ತಲಪರಿಗೆಯಲ್ಲಿ. ಮರಳು ಬಗೆದರೆ ಬೇಸಿಗೆಯಲ್ಲೂ ನೀರುಕ್ಕುವ ಜಾಗ ಅದು. ಸುತ್ತ ಒಂದು ಹರದಾರಿ ಬೇರೆ ನೀರಿಲ್ಲ. ಮೇಲಿನ ಗುಂಡಿಯಲ್ಲಿ ಜನ ಕುಡಿಯಲು ತುಂಬಿಕೊಳ್ಳುತ್ತಿದ್ದರು. ಅಲ್ಲಿಂದ ಹರಿದು ನಿಂತ ಕೆಳಗಿನ ಮಡುವಿನಲ್ಲಿ ಕುರಿಗಳಿಗೆ ಕುಡಿಸಿ, ಅವುಗಳ ಮೈ ತೊಳೆಯುತ್ತಿದ್ದರು. ಸೀಸೆಯೊಳಗಿದ್ದದ್ದು ಈ ಮಡುವಿನ ನೀರು. ಕುಡಿಯುವ ಗುಂಡಿಯಿಂದ ನಾಲ್ಕೇ ಮಾರು ದೂರದಲ್ಲಿ ಕಂಪನಿ ಮೂರು ತೊಲೆ ನಿಲ್ಲಿಸಿ, ಎಂಟು ಆಳುಗಳ ಕೈಲಿ ಕೊರೆಗೋಲು ತಿರುಗಿಸಲು ಶುರುಮಾಡಿತು. ದಿನಕ್ಕೆ ಒಂದು ಮೊಳ ಇಳಿದರೂ ಸಿರಾದಲ್ಲಿ ಅದಕ್ಕೆ ಪ್ರಗತಿ ಎನ್ನುತ್ತಿದ್ದರು.

ಹಟ್ಟಿಯ ಜುಂಜಮ್ಮ ಮೊದಮೊದಲು ನಕ್ಕು ಸುಮ್ಮನಾಗಿದ್ದಳು. ಕುಡಿಯುವ ಗುಂಡಿಯ ನೀರು ಕದಡತೊಡಗಿದ ಮೇಲೆ ಸಾಹುಕಾರರ ಎದುರು ಹೋಗಿ ನಿಂತಳು.

"ಸ್ವಾಮಿ, ಅದು ನಮ್ ಹೊಂಗೆಣ್ಣೆ. ಕಜ್ಜಿ ಹತ್ತಿದ ಕುರಿಗೆ ಬಳ್ದು, ಆಮೇಲೆ ಮಡುವ್ನಾಗೆ ಮೈ ತೊಳೀತೀವಿ. ಒಂದ್ಸಲ ಮೂಸಿ ನೋಡ್ಬುಡಿ."

ಚನ್ನಮಲ್ಲಯ್ಯನವರು ಎಂಜಿನಿಯರನ ಮುಖ ನೋಡಿದರು. ಆತ ಮದರಾಸಿನಲ್ಲಿ ಓದಿದವನು. ಕುರಿಯವಳ ಮಾತಿಗೆ ಸೀಸೆಯ ಬಿರಡೆ ತೆಗೆದರೆ ಅವನ ಮರ್ಯಾದೆ ಏನಾಗಬೇಕು? ಭೂಮಿಯ ಒಳಗಿನ ವಿಚಾರ ಕುರಿ ಕಾಯುವವಳಿಗೆ ಬೇಡವೆಂದು ಸಾಹುಕಾರರು ಅವಳನ್ನು ಕಳಿಸಿಬಿಟ್ಟರು.

ಮಾತಿಗೆ ಬಗ್ಗದವರು ಕಣ್ಣಿಗೆ ಕಂಡದ್ದಕ್ಕಾದರೂ ಬಗ್ಗಿಯಾರು ಎಂದುಕೊಂಡಳು ಜುಂಜಮ್ಮ. ಪೊರೆ ಮಾಯವಾದರೆ ಇವರೂ ಗಂಟುಮೂಟೆ ಕಟ್ಟುತ್ತಾರೆಂದು ಗಂಡ ಕ್ಯಾತಪ್ಪನನ್ನು ಒಪ್ಪಿಸಿದಳು. ಅಂದಿನಿಂದ ಎಣ್ಣೆ ಬಳಿದ ಕುರಿಗಳನ್ನು ಗೌಡಗೆರೆಯ ಕೆರೆತನಕ ನಡೆಸಿ ಅಲ್ಲಿ ತೊಳೆದರು. ಎಂಟೇ ದಿನಕ್ಕೆ ಮಡು ತಿಳಿಯಾಯಿತು.

ಪಾಪ, ಅವಳಿಗೆ ಬರಿಯ ದಡ್ಡರು ಗೊತ್ತಿದ್ದರು, ಷೇರು ಮಾರಿಕೊಂಡ ದಡ್ಡರು ಗೊತ್ತಿರಲಿಲ್ಲ. ಎಂಜಿನಿಯರು ಎರಡು ದಿನ ಹಣೆ ಒತ್ತಿಕೊಂಡು ಯೋಚಿಸಿ, ಎಣ್ಣೆ ಬಂಡೆಯ ಕೆಳಗೆ ಸರಿದುಹೋಗಿದೆ ಎಂದು ತೀರ್ಮಾನ ಕೊಟ್ಟ. ಕೊರೆಗೋಲಿಗೆ ಆಗ ತಾನೇ ಬಂಡೆ ಸಿಕ್ಕಿತ್ತು. ಅಡಗಿಕೊಂಡ ಎಣ್ಣೆ ಕಣ್ಣಿಗೆ ಬಿದ್ದ ಎಣ್ಣೆಗಿಂತ ಹೆಚ್ಚೇ ಇರಬೇಕೆಂದು ನಿಕ್ಷೇಪದ ಅಂದಾಜನ್ನು ದುಪ್ಪಟ್ಟು ಮಾಡಿದರು. ಬಂಡೆ ಸಿಡಿಸಲು ಮದ್ದು ತರಿಸಿದರು.

ಮದ್ದು ಇಳಿಸುವ ದಿನ ಜುಂಜಮ್ಮ ಓಡಿಬಂದು ತೊಲೆಗಳ ಮಧ್ಯೆ ನಿಂತಳು.

"ಬ್ಯಾಡಿ ಸ್ವಾಮಿ. ಎಣ್ಣೆ ನಿಲ್ಸಿದ್ದು ನಾವೇಯ. ಬೇಕಾದ್ರೆ ನಾಳಿಂದ ಇಲ್ಲೇ ಕುರಿ ತೊಳೀತೀನಿ, ನಿಮ್ ಎಣ್ಣೆ ಬರ್ತದೆ. ಮದ್ದು ಮಾತ್ರ ಇಕ್ಕಬ್ಯಾಡಿ."

"ನೋಡಿದ್ರಾ," ಎಂದರು ಚನ್ನಮಲ್ಲಯ್ಯನವರು ಎಂಜಿನಿಯರಿಗೆ, "ಕುರಿ ತೊಳುದ್ರೆ ಸೀಮೆಎಣ್ಣೆ ಬರ್ತದಂತೆ."

ಆಳುಗಳೂ ನಕ್ಕರು. ಅವಳನ್ನು ಆಚೆ ಕಳಿಸಿ ಬತ್ತಿಗೆ ಬೆಂಕಿ ಕೊಟ್ಟರು.

ನೆಲ ಒಮ್ಮೆ ಅದುರಿತು. ಕೊರೆದ ತೂತಿನಿಂದ ಹೊಗೆ ಎದ್ದಿತು, ಎಣ್ಣೆ ಏಳಲಿಲ್ಲ. ಗುಂಡಿಯ ನೀರು ಮಾತ್ರ ತಳ ಒಡೆದ ಕೊಡದ ನೀರಿನಂತೆ ನೋಡುನೋಡುತ್ತ ಇಳಿದುಹೋಯಿತು. ಹೆಂಗಸರು ಮರಳು ಬಗೆದರು, ಇನ್ನೂ ಬಗೆದರು, ಉಗುರಿಗೆ ಬಂಡೆ ತಾಗುವವರೆಗೆ ಬಗೆದರು. ಅತ್ತ ಹೊಂಗೆಯ ನೆರಳಿನಲ್ಲಿ ಚನ್ನಮಲ್ಲಯ್ಯನವರು ಷೇರುದಾರರಿಗೆ ವರದಿ ಬರೆಸುತ್ತಿದ್ದರು: ಕೊರೆತಕ್ಕೆ ಅಡ್ಡಿಯಾಗಿದ್ದ ನೀರಿನ ಕಾಟ ಪೂರ್ತಿ ನಿವಾರಣೆಯಾಗಿದೆ, ಇನ್ನು ಮುಂದಿನ ಕೆಲಸ ಸಲೀಸು.

ಹೊತ್ತು ಇಳಿಯುವಾಗ ಕುರಿಗಳು ತಾವಾಗಿಯೇ ಮಡುವಿಗೆ ಇಳಿದು ಬಂದವು. ಒದ್ದೆ ಮರಳಿಗೆ ಮೂತಿ ಹಚ್ಚಿ ನಿಂತವು. ಜುಂಜಮ್ಮ ಎಷ್ಟು ಕರೆದರೂ ಒಂದೂ ಕದಲಲಿಲ್ಲ.